ಗೋಡೆಯ ಮೇಲಣ ಬಂದೂಕು

ಪಡಸಾಲೆಯ ಗೋಡೆಯ ಮೇಲೆ ಏನನ್ನು ತೂಗಹಾಕಿದೆ ಎಂಬದರಿಂದ ಮನೆಯವರು ತಮ್ಮನ್ನು ತಾವು ಏನೆಂದು ತಿಳಿದುಕೊಂಡಿದ್ದಾರೆಂಬದು ಗೊತ್ತಾಗುವದು. ಹುಬ್ಬಳ್ಳಿ-ಧಾರವಾಡದ ಸುಶಿಕ್ಷಿತರ ಮನೆಗಳಲ್ಲಿ ದೇವರ ಪಟಕ್ಕೂ ಹಿರಿಯರ ಭಾವಚಿತ್ರಕ್ಕೂ ಮೊದಲಿನಿಂದಲೇ ಸ್ಥಾನವುಂಟು. ಅವುಗಳ ಸಾಲಿನಲ್ಲಿ ಒಮ್ಮೊಮ್ಮೆ ಹಳೆಯ ಮಾದರಿಯ ಬಂದೂಕೊಂದು ಕಣ್ಣಿಗೆ ಬೀಳುವದು. ಉದ್ದವಾದ ಕಬ್ಬಿಣದ ನಳಿಗೆ, ಹಿತ್ತಾಳೆಯ ಕಟ್ಟು, ಉರಿಯುವ ಬತ್ತಿಯನ್ನು ಕಚ್ಚಿಕೊಳ್ಳುವದಕ್ಕಾಗಿ ಬಾಗಿದ ಕುದುರೆ, ಎಣ್ಣೆ ಕುಡಿದು ಮಿರುಗುವ ಕಟ್ಟಿಗೆಯ ಹಿಡಿ! ಅದು ಕೈಯಿಂದ ಮಾಡಿದ ನಕಲು. ಕಮ್ಮಾರನೂ ಬಡಗಿಯೂ ಕೂಡಿ ಶ್ರಮಿಸಿದ ಕೆಲಸ. ಅದನ್ನು ಕೊಂಡುಕೊಳ್ಳುವದರಲ್ಲಿಯಾಗಲಿ, ನೋಡಿ ಸಂತೋಷಪಡುವದರಲ್ಲಿಯಾಗಲಿ ತಪ್ಪೇನೂ ಇಲ್ಲ. ತಪ್ಪು ಪ್ರಾರಂಭವಾಗುವದು ಅತಿಥಿಯು "ಇದು ಯಾವ ಕಾಲದ್ದು?" ಎಂದು ಕೇಳಿದ ಕ್ಷಣದಲ್ಲಿ. "ಮುತ್ತಜ್ಜನದು" ಎಂದು ಒಬ್ಬ ಯಜಮಾನನು ಹೇಳುವನು. "ಕಿತ್ತೂರ ದಂಡಿನದು" ಎಂದು ಇನ್ನೊಬ್ಬನು. ಧೈರ್ಯವು ಇನ್ನೂ ಹೆಚ್ಚಿದ್ದರೆ "ಚಾಲುಕ್ಯರ ಕಾಲದ ಮಾದರಿ" ಎಂದು ಮತ್ತೊಬ್ಬನು. ಮಾಡಿದ ಕಮ್ಮಾರನ ಹೆಸರು ಮಾತ್ರ ಯಾರ ಬಾಯಲ್ಲಿಯೂ ಬರುವದಿಲ್ಲ.

ಇಷ್ಟು ಸಣ್ಣ ಮಾತಿಗೆ ಇಷ್ಟು ದೊಡ್ಡ ಆಕ್ಷೇಪವೇಕೆ ಎಂದು ಕೆಲವರು ಕೇಳಬಹುದು. ಒಂದು ಗೋಡೆ, ಒಂದು ನಕಲು, ಅತಿಥಿಯನ್ನು ಮೆಚ್ಚಿಸುವದಕ್ಕೆ ಹೇಳಿದ ಒಂದು ಅರೆಸತ್ಯ. ಇದರಿಂದ ಯಾರ ಮನೆ ಮುಳುಗಿತು? ಈ ಪ್ರಶ್ನೆಗೆ ಉತ್ತರವುಂಟು. ಈ ಸುಳ್ಳಿನಿಂದ ಮುಳುಗುವದು ಬಂದೂಕನ್ನು ನಿಜವಾಗಿ ಕಳೆದುಕೊಂಡವರ ಮನೆ. ಆ ಉತ್ತರವನ್ನು ವಿಶದಪಡಿಸುವದಕ್ಕೆ ಮೊದಲು, ಚಾಲುಕ್ಯರ ಬಂದೂಕಿನ ಮಾತನ್ನು ತೀರಿಸಿಬಿಡುವದು ಲೇಸು.

ಚಾಲುಕ್ಯರ ಕಾಲದಲ್ಲಿ ಬಂದೂಕು ಇರಲಿಲ್ಲ. ರಾಷ್ಟ್ರಕೂಟರ ಕಾಲದಲ್ಲಿಯೂ ಇರಲಿಲ್ಲ. ಧಾರವಾಡದ ಸುತ್ತಣ ಹಳ್ಳಿಗಳಲ್ಲಿ ಆ ಕಾಲದ ವೀರಗಲ್ಲುಗಳು ಇಂದಿಗೂ ನಿಂತಿವೆ. ತುರುಗಾಳಗದಲ್ಲಿ ಮಡಿದವನ ಕೈಯಲ್ಲಿ ಕತ್ತಿ-ಗುರಾಣಿಗಳಿವೆ, ಬಿಲ್ಲು-ಬಾಣಗಳಿವೆ, ಈಟಿಯಿದೆ, ನಳಿಗೆಯಿಲ್ಲ. ತಮ್ಮ ವೀರನಿಗೆ ಅಪ್ಸರೆಯರು ಚಾಮರ ಬೀಸುವದನ್ನೂ ಬಿಡದೆ ಕೆತ್ತಿದ ಶಿಲ್ಪಿಗಳು, ಅವನ ಕೈಯಲ್ಲಿ ಬಂದೂಕಿದ್ದರೆ ಅದನ್ನು ಬಿಟ್ಟುಬಿಡುತ್ತಿದ್ದರೇ? ಗುಸ್ತಾವ ಓಪರ್ಟನೆಂಬ ಪಂಡಿತನು ೧೮೮೦ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಶುಕ್ರನೀತಿಯೊಳಗಿನ ನಾಲಿಕಾಸ್ತ್ರದ ವರ್ಣನೆಯನ್ನು ಆಧಾರವಾಗಿಟ್ಟುಕೊಂಡು ಪ್ರಾಚೀನ ಭಾರತದಲ್ಲಿ ಬಂದೂಕಿತ್ತೆಂದು ವಾದಿಸಿದನು. ಆ ವಾದವು ಕಿವಿಗೆ ಇಂಪಾಗಿದ್ದುದರಿಂದ ಬಹುಕಾಲ ಬಾಳಿತು. ಆದರೆ ಆ ಗ್ರಂಥದ ಆ ಭಾಗಗಳು ಬಹಳ ಈಚಿನವೆಂದು ಅನಂತರದ ವಿದ್ವಾಂಸರು ತೋರಿಸಿಕೊಟ್ಟಿದ್ದಾರೆ. ಮದ್ದಿನ ಪಾಕವು ಮೊದಲು ಬರೆಹದಲ್ಲಿ ಕಾಣಿಸುವದು ೧೦೪೪ರ ಚೀನೀ ಗ್ರಂಥದಲ್ಲಿ. ಲೋಹದ ಕೈತೋಪುಗಳು ಅಲ್ಲಿ ಹದಿಮೂರನೆಯ ಶತಮಾನದ ಕೊನೆಗೆ ಬಂದವು. ಯುರೋಪದಲ್ಲಿ ತೋಪಿನ ಮೊದಲ ಚಿತ್ರವು ೧೩೨೬ರ ಒಂದು ಹಸ್ತಪ್ರತಿಯಲ್ಲಿದೆ. ಹೀಗಿರಲು, ಏಳನೆಯ ಶತಮಾನದ ಪುಲಿಕೇಶಿಯ ಕೈಗೆ ಬಂದೂಕನ್ನು ಕೊಡುವವನು ಪುಲಿಕೇಶಿಯ ಗೌರವವನ್ನು ಹೆಚ್ಚಿಸುವದಿಲ್ಲ. ತನ್ನ ಓದಿನ ಗೌರವವನ್ನು ಕಳೆದುಕೊಳ್ಳುವನು. ಹರ್ಷನನ್ನು ನರ್ಮದೆಯ ತೀರದಲ್ಲಿ ತಡೆದವನಿಗೆ ಮದ್ದುಗುಂಡುಗಳ ಸಾಲ ಬೇಕಾಗಿರಲಿಲ್ಲ.

ನಿಜವಾದ ಇತಿಹಾಸವಾದರೂ ಬಡವಾದುದೇ? ಇಲ್ಲ. ೧೪೭೨ರ ಸುಮಾರಿಗೆ ಬಹಮನಿಯ ಮಂತ್ರಿ ಮಹಮೂದ ಗವಾನನು ಬೆಳಗಾವಿಯ ಕೋಟೆಯನ್ನು ಮುತ್ತಿದಾಗ ಗೋಡೆಯ ಬುಡಕ್ಕೆ ಸುರಂಗ ತೋಡಿ ಮದ್ದು ತುಂಬಿ ಹಾರಿಸಿದನೆಂದು ಚರಿತ್ರಕಾರರು ಬರೆದಿದ್ದಾರೆ. ಧಾರವಾಡದಿಂದ ಎರಡು ದಿನದ ದಾರಿಯಲ್ಲಿ ನಡೆದ ಸಂಗತಿಯಿದು. ೧೫೧೦ರಲ್ಲಿ ಗೋವೆಯು ಪೋರ್ತುಗೀಜರ ವಶವಾದ ಮೇಲೆ ಬತ್ತಿಯ ಬಂದೂಕು ಕರಾವಳಿಯಿಂದ ಘಟ್ಟವನ್ನೇರಿತು. ೧೫೨೦ರ ರಾಯಚೂರ ಮುತ್ತಿಗೆಯಲ್ಲಿ ಕೃಷ್ಣದೇವರಾಯನ ಪಕ್ಷಕ್ಕೆ ಕ್ರಿಸ್ತೋವಾಂವ ದ ಫಿಗೇರೇದುವೆಂಬ ಪೋರ್ತುಗೀಜನು ತನ್ನ ಬಂದೂಕಿನವರೊಡನೆ ನೆರವಾಗಿ, ಕೊತ್ತಳದ ಮೇಲೆ ತಲೆ ಎತ್ತಿದವರನ್ನು ಉರುಳಿಸಿದ ವೃತ್ತಾಂತವನ್ನು ನೂನಿಜನು ಬರೆದಿಟ್ಟಿದ್ದಾನೆ. ೧೫೪೯ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ ತೋಪು ವಿಜಾಪುರದ ಬುರುಜಿನ ಮೇಲೆ ಇಂದಿಗೂ ಬಾಯಿ ತೆರೆದುಕೊಂಡು ಕುಳಿತಿದೆ. ಇನ್ನು ಧಾರವಾಡದ ಮಾತೇ ಬೇಕಾದರೆ, ೧೭೯೦-೯೧ರಲ್ಲಿ ಟೀಪೂವಿನ ಸರದಾರ ಬದರುಜ್ಜಮಾನಖಾನನು ಈ ಊರ ಕೋಟೆಯನ್ನು ಪರಶುರಾಮಭಾವೂನ ಮರಾಠಾ ದಂಡಿಗೂ ಕ್ಯಾಪ್ಟನ್ ಲಿಟ್ಟಲನ ಇಂಗ್ಲಿಷ್ ತುಕಡಿಗೂ ಎದುರಾಗಿ ತಿಂಗಳುಗಟ್ಟಲೆ ಕಾದನು. ಆ ಮುತ್ತಿಗೆಯನ್ನು ಕಣ್ಣಾರೆ ಕಂಡ ಎಡ್ವರ್ಡ್ ಮೂರನು ೧೭೯೪ರಲ್ಲಿ ಬರೆದ ಗ್ರಂಥವನ್ನು ಓದಿದರೆ ನಗೆಯೂ ಬರುವದು: ಮರಾಠಾ ತೋಪಿನವರು ಒಮ್ಮೆ ತೋಪು ಹಾರಿಸಿ, ಮತ್ತೊಮ್ಮೆ ಹಾರಿಸುವ ವರೆಗೆ ಹರಟುತ್ತ ಹೊಗೆ ಸೇದುತ್ತ ಕುಳಿತಿರುತ್ತಿದ್ದರಂತೆ! ಇಂಥ ಜೀವಂತವಾದ ಸಂಗತಿಗಳು ಕೈಗೆಟಕುವಂತಿರುವಾಗ ಇಲ್ಲದ ಚಾಲುಕ್ಯ ಬಂದೂಕಿನ ಗೊಡವೆ ಏತಕ್ಕೆ?

ಅದಂತಿರಲಿ. ಇಷ್ಟೆಲ್ಲ ಮದ್ದು ಗುಂಡು ಹಾರಿದ ಈ ಪ್ರಾಂತದಲ್ಲಿ ನಿಜವಾದ ಹಳೆಯ ಬಂದೂಕು ಇಂದು ಮನೆಗಳಲ್ಲಿ ಏಕೆ ಸಿಗುವದಿಲ್ಲ? ಮುತ್ತಜ್ಜನ ಬಂದೂಕು ಎಂದು ನಕಲನ್ನು ತೋರಿಸುವವನು ಈ ಪ್ರಶ್ನೆಯನ್ನು ತನಗೆ ತಾನೇ ಒಮ್ಮೆಯೂ ಕೇಳಿಕೊಂಡಿಲ್ಲ. ಕೇಳಿಕೊಂಡಿದ್ದರೆ ಆ ಮಾತು ಅವನ ಗಂಟಲಲ್ಲಿಯೇ ನಿಲ್ಲುತ್ತಿತ್ತು.

ಹತ್ತೊಂಬತ್ತನೆಯ ಶತಮಾನದ ಮಧ್ಯದ ವರೆಗೆ ಮುಂಬಯಿ ಕರ್ನಾಟಕದ ಹಳ್ಳಿಗಳಲ್ಲಿ ಬಂದೂಕು ಸಾಮಾನ್ಯ ವಸ್ತುವಾಗಿತ್ತು. ದೇಸಾಯರ ವಾಡೆಗಳ ಶೆಟಸನದಿಗಳಿಗೆ ಅದು ಸೇವೆಯ ಕುರುಹು; ಬೇಡರಿಗೆ ಹೊಟ್ಟೆಯ ದಾರಿ; ರೈತನಿಗೆ ಹಂದಿಯ ಕಾಟಕ್ಕೆ ಮದ್ದು. ೧೮೨೪ರ ಅಕ್ಟೋಬರ ೨೩ರಂದು ಕಿತ್ತೂರ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ ಥ್ಯಾಕರೆಯು ಬಿದ್ದದ್ದು ಇಂಥವರ ಕೈಯಿಂದಲೇ. ೧೮೫೭ರ ದಂಗೆಯು ಉತ್ತರದಲ್ಲಿ ಭುಗಿಲೆದ್ದಾಗ ಕಂಪನಿಯ ಸರಕಾರವು ಆ ವರ್ಷದ ಸಪ್ಟಂಬರದಲ್ಲಿ ನಿಃಶಸ್ತ್ರೀಕರಣದ ಕಾಯದೆಯನ್ನು ಮಾಡಿತು. ಪ್ರತಿಯೊಬ್ಬನೂ ತನ್ನ ಆಯುಧವನ್ನು ತಂದೊಪ್ಪಿಸಬೇಕು, ಇಲ್ಲವೆ ಪರವಾನಿಗೆ ಪಡೆಯಬೇಕು ಎಂಬದು ಅದರ ಸಾರ. ಆಗ ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು ಈ ಆಜ್ಞೆಗೆ ತಲೆಬಾಗಲಿಲ್ಲ. ಆಯುಧವು ಅವರಿಗೆ ಅಲಂಕಾರವಾಗಿರಲಿಲ್ಲ. ಅದನ್ನು ಕೊಟ್ಟ ಮೇಲೆ ತಮ್ಮಲ್ಲಿ ಉಳಿಯುವದೇನು ಎಂದು ಅವರು ಕೇಳಿಕೊಂಡರು. ನವೆಂಬರದ ಕೊನೆಯಲ್ಲಿ ಸರಕಾರದ ದಂಡು ಹಲಗಲಿಯನ್ನು ಮುತ್ತಿ ಊರಿಗೆ ಬೆಂಕಿಯಿಟ್ಟಿತು. ಅನೇಕರು ಊರೊಳಗೇ ಮಡಿದರು. ಡಿಸೆಂಬರದಲ್ಲಿ ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಲಾಯಿತು. ಮರುವರ್ಷ, ೧೮೫೮ರ ಮೇ ತಿಂಗಳಲ್ಲಿ, ದತ್ತಕದ ಅಧಿಕಾರವನ್ನೂ ಆಯುಧಗಳನ್ನೂ ಕಳೆದುಕೊಳ್ಳಲಾರದೆ ನರಗುಂದದ ಬಾಬಾಸಾಹೇಬನು ಎದ್ದನು. ಜೂನ ೧೨ರಂದು ಬೆಳಗಾವಿಯಲ್ಲಿ ಅವನಿಗೂ ಗಲ್ಲಾಯಿತು. ೧೮೭೮ರ ಆಯುಧಗಳ ಕಾಯದೆಯು ಉಳಿದ ಕೆಲಸವನ್ನು ಪೂರೈಸಿತು. ಅದರ ಕೆಳಗೆ ಯುರೋಪಿಯನ್ನನಿಗೆ ವಿನಾಯಿತಿ. ಈ ನಾಡಿನವನಿಗೆ ಪರವಾನಿಗೆ.

ಹೀಗೆ ಮನೆಮನೆಯ ಗೂಟದಿಂದ ಬಂದೂಕು ಕೆಳಗಿಳಿಯಿತು. ಗೂಟವೊಂದೇ ಉಳಿಯಿತು. ಬರಿದಾದ ಆ ಗೂಟವೇ ಈ ಪ್ರಾಂತದ ಇತಿಹಾಸದ ಅತ್ಯಂತ ಸತ್ಯವಾದ ಸ್ಮಾರಕ. ಹಲಗಲಿಯವರಿಗೆ ಬಂದೂಕು ಉಳಿಯಲಿಲ್ಲ, ಲಾವಣಿಯುಳಿಯಿತು. ಆ ಲಾವಣಿಯನ್ನು ಕಾಯ್ದಿಡುವ ಕೆಲಸವನ್ನೂ, ವಿಧಿಯ ವಿನೋದವೆಂಬಂತೆ, ಅದೇ ಸರಕಾರದ ಅಧಿಕಾರಿಯಾಗಿದ್ದ ಫ್ಲೀಟನೇ ಮಾಡಬೇಕಾಯಿತು. ಅವನು ಅದನ್ನು ಇತರ ಕನ್ನಡ ಲಾವಣಿಗಳೊಡನೆ ಸಂಗ್ರಹಿಸಿ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದನು.

ಈಗ ಕೊಡಗಿನ ಕಡೆಗೆ ನೋಡಬೇಕು. ಅಲ್ಲಿ ೧೮೬೧ರಲ್ಲಿ ಮಾರ್ಕ್ ಕಬ್ಬನನು ಕೊಡವರಿಗೆ ಆ ಕಾಯದೆಯಿಂದ ವಿನಾಯಿತಿ ಕೊಟ್ಟನು. ಆ ವಿನಾಯಿತಿಯು ಸ್ವತಂತ್ರ ಭಾರತದಲ್ಲಿಯೂ ಮುಂದುವರಿದು, ೨೦೧೯ರ ಕೇಂದ್ರ ಸರಕಾರದ ಪ್ರಕಟಣೆಯಂತೆ ೨೦೨೯ರ ಅಕ್ಟೋಬರದ ಕೊನೆಯ ವರೆಗೆ ಊರ್ಜಿತವಾಗಿದೆ. ಕೊಡವರ ಐನ್‌ಮನೆಯಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಹೂ ಮುಡಿಸಿ ಪೂಜಿಸುವಾಗ, ಅದು ಅಜ್ಜನ ಕೋವಿಯೆಂದು ಹೇಳಿದರೆ ಆ ಮಾತಿಗೆ ಬೆಲೆಯುಂಟು. ಪರಂಪರೆಯು ಅಲ್ಲಿ ಕಡಿದಿಲ್ಲ. ಧಾರವಾಡದ ಕಡೆಯಲ್ಲಿ ಅದು ಕಡಿಯಿತು, ಕಡಿಸಲ್ಪಟ್ಟಿತು. ಕಡಿದದ್ದನ್ನು ಕಡಿದಿಲ್ಲವೆಂದು ತೋರಿಸುವದಕ್ಕೆ ಪೇಟೆಯಿಂದ ತಂದ ನಕಲನ್ನು ಮುತ್ತಜ್ಜನ ಗೂಟಕ್ಕೆ ಸಿಕ್ಕಿಸುವವನು ತನಗರಿವಿಲ್ಲದೆಯೇ ಒಂದು ಸಾಕ್ಷಿ ನುಡಿಯುತ್ತಾನೆ: ಯಾರೂ ಏನನ್ನೂ ಕಸಿದುಕೊಳ್ಳಲಿಲ್ಲ, ಯಾರೂ ಏನನ್ನೂ ಕಳೆದುಕೊಳ್ಳಲಿಲ್ಲ, ಹಲಗಲಿಯು ಸುಟ್ಟದ್ದು ಯಾತಕ್ಕೋ ಯಾರಿಗೆ ಗೊತ್ತು! ಇದಕ್ಕಿಂತ ದೊಡ್ಡ ಸುಳ್ಳು ಸಾಕ್ಷಿ ಬೇರೆ ಉಂಟೇ? ಮುತ್ತಜ್ಜನ ಪರಾಕ್ರಮವನ್ನು ಹೊಗಳಲಿಕ್ಕೆ ಹೋಗಿ ಮುತ್ತಜ್ಜನ ಅಪಮಾನವನ್ನು ಅಳಿಸಿಬಿಟ್ಟಂತಾಯಿತು.

"ಇದು ಅಭಿಮಾನದ ಪ್ರಶ್ನೆ, ಮಕ್ಕಳಿಗೆ ವೀರರ ನೆನಪಾಗಲಿ ಎಂದು ತೂಗಹಾಕಿದೆ" ಎಂದು ಕೆಲವರು ಸಮಾಧಾನ ಹೇಳುವರು. ಉದ್ದೇಶವು ಒಳ್ಳೆಯದೇ. ಆದರೆ ಸುಳ್ಳಿನ ಮೇಲೆ ನಿಂತ ಅಭಿಮಾನವು ಮಗುವು ದೊಡ್ಡದಾಗುವ ವರೆಗೆ ಮಾತ್ರ ಬಾಳುವದು. ಕಾಲೇಜಿನ ಮೆಟ್ಟಲು ಹತ್ತಿದ ಮಗಳು ಒಂದು ದಿನ ಆ ಬಂದೂಕಿನ ನಳಿಗೆಯು ಯಂತ್ರದಿಂದ ಎಳೆದ ಕೊಳವೆಯೆಂದೂ, ಮೊಳೆಗಳು ಅಂಗಡಿಯ ತಿರುಪುಮೊಳೆಗಳೆಂದೂ ಕಂಡುಕೊಳ್ಳುವಳು. ಆ ದಿನ ಅವಳ ಮನಸ್ಸಿನಲ್ಲಿ ಬೀಳುವದು ಬಂದೂಕೊಂದೇ ಅಲ್ಲ. ಕಿತ್ತೂರೂ ಹಲಗಲಿಯೂ ನರಗುಂದವೂ ಅದರೊಡನೆ ಬೀಳುವವು. ಒಂದು ಕಥೆ ಸುಳ್ಳಾದರೆ ಉಳಿದವೂ ಸುಳ್ಳಿರಬೇಕೆಂದು ತರ್ಕಿಸುವದು ಮನುಷ್ಯಸ್ವಭಾವ. ಇದರ ಹೊಣೆ ಯಾರದು?

ಇದಕ್ಕೆ ತೀರ ಎದುರಾದ ಪಕ್ಷವೂ ಒಂದುಂಟು. ಹಿಂಸೆಯ ಸಾಧನವನ್ನು ಸುಸಂಸ್ಕೃತರ ಮನೆಯಲ್ಲಿ ತೂಗಹಾಕುವದೇ ತಪ್ಪು. ನಕಲಾಗಲಿ ನಿಜವಾಗಲಿ, ಅದು ಗುಜರಿಗೆ ಹೋಗತಕ್ಕದ್ದು ಎಂದು ಆ ಪಕ್ಷದವರ ಮತ. ಅವರ ಮನಸ್ಸು ಮೃದುವಾದದ್ದು. ವಾದ ಮಾತ್ರ ಮೃದುವಾದಷ್ಟು ಗಟ್ಟಿಯಲ್ಲ. ಖಂಡೇನವಮಿಯ ದಿನ ಕತ್ತಿಯನ್ನೂ ಕುಡುಗೋಲನ್ನೂ ಒಂದೇ ಮಣೆಯ ಮೇಲಿಟ್ಟು ಅರಿಷಿಣ-ಕುಂಕುಮ ಹಚ್ಚುವ ಜನವಿದು. ಬತ್ತಿಯ ಬಂದೂಕನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿದವನಿಗೆ ಯಾವ ಪುಸ್ತಕವೂ ಹೇಳದ ಸಂಗತಿಗಳು ತಿಳಿಯುವವು. ಅದರ ಭಾರವೆಷ್ಟು, ಮದ್ದು ಸುರಿದು, ಗುಂಡು ಹಾಕಿ, ಗಜದಿಂದ ಜಡಿದು, ಕಿವಿಯ ಬಟ್ಟಲಿಗೆ ಪುಡಿಯಿಟ್ಟು, ಬತ್ತಿಯ ಕೆಂಡವನ್ನು ಊದಿ ಸಿದ್ಧವಾಗಲು ಎಷ್ಟು ಹೊತ್ತು, ಮಳೆ ಬಂದರೆ ಬತ್ತಿ ಆರಿ ವೀರನು ಹೇಗೆ ನಿರುಪಾಯನಾಗುವನು, ಕತ್ತಲೆಯಲ್ಲಿ ಅದೇ ಬತ್ತಿಯ ಕಿಡಿಯು ವೈರಿಗೆ ಹೇಗೆ ಗುರಿಯಾಗುವದು! ಹೊಸ ಮಾದರಿಯ ಬಂದೂಕಿನ ಸಿಪಾಯಿಗಳೆದುರಿಗೆ ಇಂಥ ಸಾಧನಗಳನ್ನು ಹಿಡಿದು ನಿಂತವರ ಧೈರ್ಯವು ಯಾವ ತರದ್ದೆಂಬದು ಆಗ ಮನಸ್ಸಿಗೆ ನಾಟುವದು. ಒಳ್ಳೆಯ ನಕಲು ಒಳ್ಳೆಯ ಗುರು. ಅದನ್ನು ಗುಜರಿಗೆ ಹಾಕುವದು ಪಾಠಶಾಲೆಗೆ ಬೀಗ ಹಾಕಿದಂತೆ.

ಮೂರನೆಯ ಪಕ್ಷದವರ ವಿಷಯದಲ್ಲಿ ಮಾತ್ರ ದಾಕ್ಷಿಣ್ಯಕ್ಕೆ ಎಡೆಯಿಲ್ಲ. ನಕಲು ಹಾರದಿದ್ದರೆ ಅದೆಂಥ ನಕಲು ಎಂದು ಕೇಳಿ, ಕಮ್ಮಾರನ ಕೈಯಲ್ಲಿ ನಳಿಗೆಗೆ ಕಿವಿ ಕೊರೆಯಿಸುವ ಹುಚ್ಚಿನವರು ಅವರು. ೧೯೫೯ರ ಆಯುಧಗಳ ಅಧಿನಿಯಮದಂತೆ ಬಾಯಿಯಿಂದ ಮದ್ದು ತುಂಬುವ ಬಂದೂಕೂ ಬಂದೂಕೇ. ಅದಕ್ಕೂ ಪರವಾನಿಗೆ ಬೇಕು. ಹಳೆಯ ಮಾದರಿಯ ಅಥವಾ ಪ್ರಾಚ್ಯಮೌಲ್ಯದ ಆಯುಧಕ್ಕೆ ಅದರ ೪೫ನೆಯ ಕಲಮಿನಲ್ಲಿ ವಿನಾಯಿತಿ ಇದೆಯೆಂಬದು ನಿಜ. ಆದರೆ ಆ ವಿನಾಯಿತಿಯು ಹಾಗೆಯೇ ಆಗಲಿ, ದುರಸ್ತಿ ಮಾಡಿಯಾಗಲಿ ಹಾರಿಸಲಾಗದ ಆಯುಧಕ್ಕೆ ಮಾತ್ರ. ಪರವಾನಿಗೆಯಿಲ್ಲದೆ ಬಂದೂಕು ತಯಾರಿಸುವವನಿಗೆ ೨೦೧೯ರ ತಿದ್ದುಪಡಿಯ ತರುವಾಯ ಏಳು ವರುಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯ ವರೆಗೂ ಹೋಗಬಹುದಾದ ಶಿಕ್ಷೆಯುಂಟು. ಯಜಮಾನನ ಒಂದು ಸಾಯಂಕಾಲದ ವಿನೋದಕ್ಕಾಗಿ ಬಡ ಕಮ್ಮಾರನು ಸೆರೆಮನೆಯ ಬಾಗಿಲು ನೋಡಬೇಕೇ? ಕಾಯದೆಯ ಮಾತನ್ನು ಬದಿಗಿಟ್ಟರೂ ಕಬ್ಬಿಣದ ಮಾತು ಉಳಿಯುವದು. ಹಿಂದಿನ ಕಮ್ಮಾರನು ಕಬ್ಬಿಣದ ಪಟ್ಟಿಯನ್ನು ಕಾಸಿ ಸುತ್ತಿ ಬಡಿದು ಬೆಸೆದು ನಳಿಗೆ ಮಾಡುವಾಗ ಅದರ ಹಿಂದೆ ತಲೆಮಾರುಗಳ ಅನುಭವವಿತ್ತು. ಹಾಗಿದ್ದೂ ನಳಿಗೆಗಳು ಸಿಡಿಯುತ್ತಿದ್ದವು. ಅದಕ್ಕಾಗಿಯೇ ಬರ್ಮಿಂಗಹ್ಯಾಮಿನಲ್ಲಿ ೧೮೧೩ರಲ್ಲಿ ನಳಿಗೆಗಳನ್ನು ಪರೀಕ್ಷಿಸಿ ಮುದ್ರೆಯೊತ್ತುವ ಶಾಲೆಯನ್ನು ಸ್ಥಾಪಿಸಿದರು. ನೀರಿನ ಕೊಳವೆಗೆ ಕಿವಿ ಕೊರೆದು ಮದ್ದು ತುಂಬುವವನು ಇತಿಹಾಸವನ್ನು ಹಾರಿಸುವದಿಲ್ಲ. ತನ್ನ ಬೆರಳುಗಳನ್ನೂ, ಪಕ್ಕದಲ್ಲಿ ನಿಂತ ಮಗುವಿನ ಕಣ್ಣುಗಳನ್ನೂ ಹಾರಿಸುವನು.

ಇಲ್ಲಿ ಒಂದು ವಿಚಿತ್ರವನ್ನೂ ಗಮನಿಸಬೇಕು. ನಕಲನ್ನು ಮುತ್ತಜ್ಜನ ನಿಜವಾದ ಬಂದೂಕೆಂದು ಸಾರುವವನು, ಕಾಯದೆಯ ದೃಷ್ಟಿಯಿಂದ, ತನ್ನ ಮೇಲೆ ತಾನೇ ಫಿರ್ಯಾದಿ ಕೊಟ್ಟಂತೆ. "ಪರವಾನಿಗೆಯೆಲ್ಲಿ?" ಎಂದು ಯಾರಾದರೂ ಕೇಳಿದರೆ ಆ ಕ್ಷಣವೇ ಮುತ್ತಜ್ಜನು ಮಾಯವಾಗಿ ಕಮ್ಮಾರನು ಪ್ರತ್ಯಕ್ಷನಾಗುವನು. ಪೋಲೀಸನೆದುರಿಗೆ ಹೇಳಬಲ್ಲ ನಿಜವನ್ನು ಅತಿಥಿಯೆದುರಿಗೆ ಹೇಳಲು ನಾಚಿಕೆಯೇಕೆ?

ಹಾಗಾದರೆ ಮಾಡತಕ್ಕದ್ದೇನು? ಕೆಲಸವು ಕಠಿಣವಲ್ಲ. ನಳಿಗೆಯು ಒಳಗಿನಿಂದ ಗಟ್ಟಿಯಾಗಿ ಮುಚ್ಚಿರಲಿ, ಕಿವಿಯು ಕೊರೆಯದೇ ಇರಲಿ. ಯಾವ ಉಪಾಯದಿಂದಲೂ ಅದು ಹಾರದಂತಿರಲಿ. ಮಾಡಿದವನ ಹೆಸರನ್ನೂ ಊರನ್ನೂ ವರುಷವನ್ನೂ ಲೋಹದಲ್ಲಿ ಕೆತ್ತಿರಲಿ. ಕೆಳಗೊಂದು ಚಿಕ್ಕ ಹಲಗೆಯ ಮೇಲೆ, ಇದು ಯಾವ ಕಾಲದ ಯಾವ ಮಾದರಿಯ ನಕಲು, ಇಂಥ ನಿಜವಾದ ಬಂದೂಕು ಈ ಗೋಡೆಯ ಮೇಲೆ ಇಂದು ಏಕಿಲ್ಲ ಎಂಬ ಎರಡು ವಾಕ್ಯಗಳಿರಲಿ. ಎರಡನೆಯ ವಾಕ್ಯವೇ ಮುಖ್ಯ. ಅದನ್ನು ಓದಿದ ಹುಡುಗನು ಹಲಗಲಿಯ ಹೆಸರನ್ನು ಕೇಳುವನು. ಕೇಳಿದ ಮೇಲೆ ಮರೆಯಲಾರನು. ಇನ್ನು ಯಾರ ಮನೆಯ ಅಟ್ಟದಲ್ಲಾದರೂ ನಿಜವಾದ ಹಳೆಯ ಆಯುಧವಿದ್ದರೆ ಅದನ್ನು ಮುಚ್ಚಿಡಬಾರದು, ಮಾರಿಕೊಳ್ಳಲೂಬಾರದು. ನೂರು ವರುಷ ಮೀರಿದ ಇಂಥ ವಸ್ತುಗಳಿಗೆ ೧೯೭೨ರ ಪ್ರಾಚ್ಯವಸ್ತುಗಳ ಅಧಿನಿಯಮವು ಅನ್ವಯಿಸುವದು; ಆಯುಧಗಳ ಅಧಿನಿಯಮವೂ ಬಿಟ್ಟಿಲ್ಲ. ಕಾಯದೆಯಂತೆ ತಿಳಿಸಿ, ಧಾರವಾಡದಲ್ಲಿ ೧೯೩೯ರಿಂದ ನಡೆದು ಬಂದ ಕನ್ನಡ ಸಂಶೋಧನ ಸಂಸ್ಥೆಯಂಥ ಕಡೆಯ ಬಲ್ಲವರಿಂದ ಅದನ್ನು ಪರೀಕ್ಷೆ ಮಾಡಿಸಿದರೆ ಮನೆತನದ ಹೆಸರೂ ಉಳಿಯುವದು, ನಾಡಿನ ಚರಿತ್ರೆಯೂ ಬೆಳೆಯುವದು.

ಮುದ್ರೆಯೊತ್ತಿದರೆ ವಸ್ತುವಿನ ಬೆಲೆ ಕಡಿಮೆಯಾಗುವದೆಂಬ ಭಯವು ವ್ಯಾಪಾರಿಗಳದು. ಅದು ನಿರಾಧಾರವಾದುದು. ಇಟಲಿಯ ಗಾರ್ದೋನೆ ಎಂಬ ಊರಲ್ಲಿ ಹಳೆಯ ಮಾದರಿಯ ಬಂದೂಕುಗಳ ನಕಲುಗಳನ್ನು ಮಾಡಿ ಜಗತ್ತಿಗೆಲ್ಲ ಮಾರುವರು. ಅವುಗಳ ಮೇಲೆ ಪರೀಕ್ಷೆಯ ಮುದ್ರೆಯೂ ವರುಷದ ಗುರುತೂ ಇರುವವು. ಯಾರೂ ಅವುಗಳನ್ನು ಹೀಗಳೆದಿಲ್ಲ. ಅಷ್ಟು ದೂರ ಹೋಗುವದೇಕೆ? ಹುಬ್ಬಳ್ಳಿಯ ಬೆಂಗೇರಿಯಲ್ಲಿ ಕೈಯಿಂದ ನೂತು ನೆಯ್ದ ಖಾದಿಯ ರಾಷ್ಟ್ರಧ್ವಜವನ್ನು ಎಳೆ ಎಣಿಸಿ, ಅಳತೆ ನೋಡಿ, ಮಾನಕದ ಮುದ್ರೆಯೊತ್ತಿ ಕಳಿಸುತ್ತಾರೆ. ಆ ಮುದ್ರೆಯಿಂದ ಧ್ವಜದ ಮಾನ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಕೈಕೆಲಸದ ಮಾನವಿರುವದು ಕೈಯನ್ನು ಒಪ್ಪಿಕೊಳ್ಳುವದರಲ್ಲಿ. ಕಮ್ಮಾರನ ಹೆಸರನ್ನು ಒರೆಸಿ ಮುತ್ತಜ್ಜನ ಹೆಸರನ್ನು ಬರೆಯುವವನು ಇಬ್ಬರಿಗೂ ದ್ರೋಹ ಬಗೆಯುವನು: ಬದುಕಿದವನಿಂದ ಅವನ ಕೆಲಸವನ್ನು ಕದ್ದು, ಸತ್ತವನಿಗೆ ಅವನದಲ್ಲದ್ದನ್ನು ಹೊರಿಸುವನು.

ವಿಜಯದಶಮಿಯ ಸಾಯಂಕಾಲ ಈ ಎರಡೂ ಊರುಗಳಲ್ಲಿ ಜನರು ಬನ್ನಿಯ ಎಲೆಗಳನ್ನು ಕೈಯಲ್ಲಿಟ್ಟು "ಬಂಗಾರ" ಎಂದು ಹೇಳಿ ಒಬ್ಬರಿಗೊಬ್ಬರು ಕೊಡುವರು. ಅದು ಎಲೆಯೆಂಬದು ಕೊಡುವವನಿಗೂ ಗೊತ್ತು, ಕೊಳ್ಳುವವನಿಗೂ ಗೊತ್ತು. ಅದನ್ನು ಒರೆಗಲ್ಲಿಗೆ ಹಚ್ಚಲು ಅಕ್ಕಸಾಲಿಗನ ಕಡೆಗೆ ಓಡುವವನು ಯಾರೂ ಇಲ್ಲ. ಎಲೆಯು ಎಲೆಯಾಗಿಯೇ ಉಳಿದು ಬಂಗಾರದ ಕೆಲಸವನ್ನು ಮಾಡುವದು. ಅದೇ ಬನ್ನಿಯ ಮರದಲ್ಲಿ ಪಾಂಡವರು ತಮ್ಮ ಆಯುಧಗಳನ್ನು ಅಡಗಿಸಿಟ್ಟರೆಂಬ ಕಥೆಯನ್ನು ಪ್ರತಿಯೊಂದು ಮನೆಯ ಮಗುವೂ ಬಲ್ಲದು. ಪಾಂಡವರಿಗೆ ಒಂದು ವರುಷದ ಮೇಲೆ ತಮ್ಮ ಆಯುಧಗಳು ಮರಳಿ ದೊರಕಿದವು, ಹಲಗಲಿಯವರಿಗೆ ದೊರಕಲಿಲ್ಲ. ಗೋಡೆಯ ಮೇಲಣ ನಕಲು ಬನ್ನಿಯ ಎಲೆಯಂತೆ ಪ್ರಾಮಾಣಿಕವಾಗಿದ್ದರೆ ಆ ದೊರಕದ ಆಯುಧಗಳ ನೆನಪನ್ನು ಹೊತ್ತುಕೊಂಡು ನಿಲ್ಲಬಲ್ಲದು. ಇಲ್ಲವಾದರೆ ಅದನ್ನು ಇಳಿಸಿ, ಗೂಟವನ್ನು ಬರಿದಾಗಿಯೇ ಬಿಡುವದು ಮೇಲು. ಬರಿಯ ಗೂಟವು ಸುಳ್ಳು ಹೇಳುವದಿಲ್ಲ.